ಎಫ್.ಸಿ.-150: ಹಳೆ ಪಿಕಪ್ಪಿಗೆ ಹೊಸ ಬ್ರೇಕು, ಹೊಸ ವೈರಿಂಗು, ಅದೇ ಎಂಜಿನ್ನು

ಮಹೀಂದ್ರ ಕಂಪನಿ 1965ರಲ್ಲಿ ತಯಾರಿಸತೊಡಗಿದ ಎಫ್.ಸಿ.-150 (ಎಫ್.ಸಿ. ಅಂದರೆ ಫಾರ್ವರ್ಡ್ ಕಂಟ್ರೋಲ್) ಮೂತಿಯಿಲ್ಲದ ಪಿಕಪ್ ಗಾಡಿ. ಒಳಗಿರುವುದೆಲ್ಲ ವಿಲ್ಲೀಸ್ ಜೀಪಿನ ಸಾಮಾನೇ: ಹರಿಕೇನ್ ಎಫ್-134 ಪೆಟ್ರೋಲ್ ಎಂಜಿನ್, ಟಿ-90 ಮೂರು ಗೇರಿನ ಬಾಕ್ಸ್, ಡಾನಾ 18 ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಮುಂದಿನ-ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ). ಡ್ರೈವರನ್ನು ಮುಂದಿನ ಆಕ್ಸಲಿನ ಮೇಲೆ ಕೂರಿಸಿ, ಎಂಜಿನ್ನನ್ನು ಎರಡು ಸೀಟಿನ ನಡುವಿನ ಡಬ್ಬಿಗೆ ಸೇರಿಸಿದ್ದಾರೆ, ಅಷ್ಟೆ. ಹಾಗಾಗಿ ಜೀಪಿಗೆ ಬಿಡಿಭಾಗ ಸಿಗುವವರೆಗೂ ಇದಕ್ಕೂ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ಎಫ್.ಸಿ.ಗೆ ಬೇಕು’ ಅಂದರೆ ತಲೆಯಾಡಿಸಿ ಕಳಿಸುತ್ತಾರೆ. ‘ಪೆಟ್ರೋಲ್ ಜೀಪಿಗೆ ಬೇಕು’ ಅಂದರೆ ಒಳಗಿಂದ ಡಬ್ಬ ತರುತ್ತಾರೆ. ಸಿಗದೇ ಇರುವುದು ಕ್ಯಾಬಿನ್ನಿನ ತಗಡು, ಗಾಜು, ಬೀಡಿಂಗ್ ರಬ್ಬರು ಮಾತ್ರ. ಕೊಳ್ಳುವಾಗ ಇವು ಮೂರನ್ನು ನೋಡಿ ಕೊಳ್ಳಿ. ಎಂಜಿನ್ ಸತ್ತಿದ್ದರೂ ಚಿಂತೆಯಿಲ್ಲ.

ನಾನು ಕೆಲಸ ಮಾಡಿದ್ದು 1968ರ ಗಾಡಿಯ ಮೇಲೆ. ನೋಡಿದ ಮೆಕ್ಯಾನಿಕ್‌ಗಳೆಲ್ಲ ಕೊಟ್ಟ ಸಲಹೆ ಒಂದೇ: ಪೆಟ್ರೋಲ್ ಎಂಜಿನ್ ಗುಜರಿಗೆ ಹಾಕಿ ಡೀಸೆಲ್ ಎಂಜಿನ್ ಇಳಿಸಿ. ಮಾಡಲಿಲ್ಲ. 2021ರ ವಿಂಟೇಜ್ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ ಮಾತ್ರ ‘ವಿ.ಎ.’ (ವಿಂಟೇಜ್ ಗಾಡಿಯ ಗುರುತು) ನಂಬರು ಸಿಗುತ್ತದೆ; ಅದರ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಹತ್ತು ವರ್ಷದ ಹೊಸ ನೋಂದಣಿಗೆ 20,000 ರೂಪಾಯಿ, ಆಮೇಲಿನ ನವೀಕರಣಕ್ಕೆ 5,000. ಆ ನಂಬರಿನಲ್ಲಿ ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಹೊಡೆಯುವಂತಿಲ್ಲ. ಆ ದಾರಿ ಬೇಡವೆಂದರೂ, ಇಂಧನ ಬದಲಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಟಿ.ಓ. ಅನುಮತಿ ಪಡೆದು ಆರ್.ಸಿ.ಯಲ್ಲಿ ಬರೆಸಬೇಕು. ಬರೆಸದೇ ಇಳಿಸಿದ ಡೀಸೆಲ್ಲು ಅಪಘಾತದ ದಿನ ವಿಮೆಯವರ ಕೈಗೆ ಕೊಟ್ಟ ಕತ್ತಿ.

ಅದಕ್ಕಿಂತ ದೊಡ್ಡ ಕಾರಣ ಲೆಕ್ಕದಲ್ಲಿದೆ. ಆಕ್ಸಲಿನೊಳಗಿನ ಕ್ರೌನ್-ಪಿನಿಯನ್ ಗೇರಿನ ಅನುಪಾತ 5.38, ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ಬಂದರೆ ಎಂಜಿನ್ 5.38 ಸುತ್ತು. ಸುಮಾರು 75 ಸೆಂ.ಮೀ. ಎತ್ತರದ 7.00-15 ಟೈರಿನಲ್ಲಿ ಗಂಟೆಗೆ 60 ಕಿ.ಮೀ. ಹೋದರೆ ಎಂಜಿನ್ 2,300 ಆರ್.ಪಿ.ಎಂ. ಹತ್ತಿರ ತಿರುಗುತ್ತದೆ, 80ಕ್ಕೆ 3,000 ದಾಟುತ್ತದೆ. ಪಿಸ್ಟನ್ನಿನ 111 ಮಿ.ಮೀ. ಉದ್ದದ ಸ್ಟ್ರೋಕು (ಮೇಲೆ-ಕೆಳಗಿನ ಓಡಾಟ) ಗಂಟೆಗಟ್ಟಲೆ ಅದನ್ನು ಸಹಿಸದು. ಡೀಸೆಲ್ ಇಳಿಸಿದರೂ ಅದೇ ಆಕ್ಸಲ್ ಹೌಸಿಂಗ್, ಅದೇ ವೇಗ, ಜೊತೆಗೆ ಮುಂದಿನ ಆಕ್ಸಲಿಗೆ ಹೆಚ್ಚುವರಿ ಭಾರ. ಇದು ಗಂಟೆಗೆ 55-60 ಕಿ.ಮೀ. ವೇಗದ ಗಾಡಿ ಅಂತ ಒಪ್ಪಿಕೊಂಡರೆ ಹಾಳುಮಾಡುವ ಕೆಲಸ ಎಷ್ಟೋ ತಪ್ಪುತ್ತದೆ. ಚೆಂದಕ್ಕೆಂದು 215/75 ಆರ್15 ರೇಡಿಯಲ್ ಹಾಕಿದರೆ ಎತ್ತರ 70 ಸೆಂ.ಮೀ.ಗೆ ಇಳಿದು ಆರ್.ಪಿ.ಎಂ. ಇನ್ನೂ ಏರುತ್ತದೆ, ಸ್ಪೀಡೋಮೀಟರೂ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಅನುಪಾತವನ್ನು 4.88ಕ್ಕೆ ಬದಲಿಸುವುದಾದರೆ ಹಿಂದೆ-ಮುಂದೆ ಎರಡೂ ಹೌಸಿಂಗಿನಲ್ಲಿ ಬದಲಿಸಿ. ಒಂದರಲ್ಲೇ ಬದಲಿಸಿ ಫೋರ್-ವೀಲ್ ಹಾಕಿದ ದಿನ ಒಂದಕ್ಕೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸಿನ ಹಲ್ಲು ಹೋಗುತ್ತದೆ.

ಶುರು ಮಾಡಿದ್ದು ಬ್ರೇಕಿನಿಂದ. ಚಕ್ರ ಬಿಚ್ಚುವಲ್ಲೇ ಮೊದಲ ಅಪಾಯ: ಎಡಬದಿಯ ಚಕ್ರದ ನಟ್ಟುಗಳು ಎಡಮರೆಯವು, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರ ಇರುತ್ತದೆ, ತುಕ್ಕಿನಡಿ ಕಾಣುವುದಿಲ್ಲ. ಗೊತ್ತಿಲ್ಲದೆ ಸ್ಪ್ಯಾನರಿಗೆ ಪೈಪು ಹಾಕಿ ತುಳಿದರೆ ಸ್ಟಡ್ ಮುರಿದು ಕೈಗೆ ಬರುತ್ತದೆ. ಹಿಂದಿನ ಹಬ್ಬು ಇನ್ನೊಂದು ತಲೆನೋವು. ಆಕ್ಸಲ್ ಶಾಫ್ಟಿನ ತುದಿ ಟೇಪರು, ಅದರ ಮೇಲೆ ಕೀಲಿ ಹಾಕಿ ಹಬ್ ಕೂರಿಸಿರುತ್ತಾರೆ. ಸುತ್ತಿಗೆಯಿಂದ ಹೊಡೆದು ತೆಗೆಯುವವರು ಶಾಫ್ಟಿನ ಮರೆ ಕೆಡಿಸುತ್ತಾರೆ, ಒಳಗಿನ ಥ್ರಸ್ಟ್ ಬ್ಲಾಕಿಗೂ ಏಟು ಬೀಳುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿ, ಚಕ್ರದ ಸ್ಟಡ್ಡುಗಳಿಗೇ ಕೂರುವ ಹಬ್ ಪುಲ್ಲರ್ ಬಿಗಿದು, ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಪುಲ್ಲರನ್ನು ಇನ್ನರ್ಧ ಸುತ್ತು ಬಿಗಿದಾಗ ‘ಢಪ್’ ಅಂತ ಬಿಟ್ಟುಕೊಂಡಿತು. ನಟ್ ಪೂರ್ತಿ ತೆಗೆದಿದ್ದರೆ ಅಷ್ಟು ಭಾರದ ಡ್ರಮ್ಮು ಹಾರಿ ಮೊಣಕಾಲಿಗೆ ಬೀಳುತ್ತಿತ್ತು. ಬ್ಯಾಕಿಂಗ್ ಪ್ಲೇಟಿನ ಹಿಂದಿನ ತೆಳು ಶಿಮ್ಮುಗಳನ್ನು (ಅಂತರ ಹೊಂದಿಸುವ ತಗಡಿನ ಬಳೆಗಳನ್ನು) ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಡಿ. ಶಾಫ್ಟಿನ ಅಡ್ಡ ಆಟ 0.025ರಿಂದ 0.15 ಮಿ.ಮೀ. ಒಳಗಿರುವುದು ಅವುಗಳಿಂದಲೇ.

ಮೂಲ ಬ್ರೇಕಿನದು ಒಂದೇ ಸರ್ಕ್ಯೂಟ್. ಯಾವುದೋ ಒಂದು ಪೈಪು ಸೋರಿದರೆ ನಾಲ್ಕೂ ಚಕ್ರ ಖಾಲಿ. ಮುಂದೆ ಡಿಸ್ಕ್ ಹಾಕುವ ಯೋಚನೆ ಬಂದಿತ್ತು. ಕ್ಯಾಲಿಪರ್ ಬ್ರಾಕೆಟ್, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್, ರಿಮ್ಮಿನೊಳಗಿನ ಜಾಗ ಎಲ್ಲ ಲೆಕ್ಕ ಹಾಕಿದ ಮೇಲೆ ಕೈಬಿಟ್ಟೆ. 60 ಕಿ.ಮೀ. ವೇಗಕ್ಕೆ ಸರಿಯಾಗಿ ಕೂಡಿಸಿದ ಡ್ರಮ್ ಸಾಕು. ಎರಡು ಸರ್ಕ್ಯೂಟಿನ ಟ್ಯಾಂಡೆಮ್ ಮಾಸ್ಟರ್ ಸಿಲಿಂಡರ್ ಮಾತ್ರ ಬೇಕೇ ಬೇಕು. ಬೂಸ್ಟರ್ ಇಲ್ಲದ ಕಡೆ ಬೋರಿನ, ಅಂದರೆ ಸಿಲಿಂಡರಿನ ಒಳವ್ಯಾಸದ ಆಯ್ಕೆಯೇ ಮುಖ್ಯ. 1 ಇಂಚಿನ ಬದಲು 7/8 ಇಂಚಿನದು ಹಾಕಿದರೆ ಕಾಲಿನ ಅದೇ ಬಲಕ್ಕೆ ಸುಮಾರು ಶೇ. 30 ಹೆಚ್ಚು ಒತ್ತಡ ಬರುತ್ತದೆ, ಅದೇ ಪ್ರಮಾಣದಲ್ಲಿ ಪೆಡಲ್ ಜಾಸ್ತಿ ಇಳಿಯುತ್ತದೆ. ಆದ್ದರಿಂದ ಶೂ ಹೊಂದಾಣಿಕೆ ಸಡಿಲವಿದ್ದರೆ ಪೆಡಲ್ ನೆಲಕ್ಕೇ ಮುಟ್ಟುತ್ತದೆ, ಜನ ಮಾಸ್ಟರನ್ನು ಬೈಯುತ್ತಾರೆ. ಮಾಸ್ಟರ್ ಕ್ಯಾಬಿನ್ನಿನ ಕೆಳಗೆ ಕೂರುವುದರಿಂದ, ಎಣ್ಣೆ ಹಿಂದಕ್ಕೆ ಹರಿಯದಂತೆ ಪ್ರತಿ ಸರ್ಕ್ಯೂಟಿಗೆ 10 ಪಿ.ಎಸ್.ಐ.ನ (ಚದರ ಇಂಚಿಗೆ 10 ಪೌಂಡ್ ಒತ್ತಡ ಉಳಿಸಿಕೊಳ್ಳುವ) ರೆಸಿಡ್ಯುಯಲ್ ವಾಲ್ವ್ ಹಾಕಿದೆ. ಡಿಸ್ಕಿಗಾದರೆ 2 ಪಿ.ಎಸ್.ಐ.; 10ರದ್ದು ಹಾಕಿದರೆ ಪ್ಯಾಡ್ ಬಿಡದೆ ಉಜ್ಜುತ್ತಿರುತ್ತದೆ.

ಪೈಪು 3/16 ಇಂಚಿನ ಉಕ್ಕಿನದು, ತುದಿಗೆ ಡಬಲ್ ಫ್ಲೇರ್, ಅಂದರೆ ಅಂಚನ್ನು ಎರಡು ಮಡಿಕೆಯಾಗಿ ಅಗಲಿಸಿದ್ದು. ಬರೀ ತಾಮ್ರದ ಪೈಪು ನಡುಕಕ್ಕೆ ಬಿರುಕು ಬಿಡುತ್ತದೆ, ಬೇಡ. ಡ್ರಮ್ಮಿನ ವ್ಯಾಸವನ್ನು ಲೇತಿನಲ್ಲಿ ಒಟ್ಟು 1.5 ಮಿ.ಮೀ.ಗಿಂತ ಹೆಚ್ಚು ತೆಗೆಸಬೇಡಿ. ತೆಗೆಸಿದ ಮೇಲೆ ಲೈನರನ್ನೂ (ಶೂವಿನ ಮೇಲಿನ ಪಟ್ಟಿ) ಅದೇ ವ್ಯಾಸಕ್ಕೆ ಅರೆಸಬೇಕು. ಇಲ್ಲದಿದ್ದರೆ ಶೂವಿನ ನಡುಭಾಗ ಮಾತ್ರ ತಾಗುತ್ತದೆ. ಹಳೆ ಲೈನರಿನ ಪುಡಿಯಲ್ಲಿ ಕಲ್ನಾರು ಇರುತ್ತದೆ. ಗಾಳಿ ಹೊಡೆಯದೆ ನೀರಿನಲ್ಲಿ ತೊಳೆಯಿರಿ.

ಎಂಜಿನ್ನಿನಲ್ಲಿ ಹೆಡ್ಡು (ಬ್ಲಾಕಿನ ಮೇಲೆ ಕೂರುವ ಭಾಗ) ತೆಗೆಯುವ ಮುಂಚೆ ಕಾರ್ಬುರೇಟರ್ ಬಿಚ್ಚಿ, ಅದು ಕೂತಿದ್ದ ತೂತಿನೊಳಗೆ ಟಾರ್ಚ್ ಬಿಡಿ. ಅಲ್ಲಿ ಒಂದು ಹೆಡ್ ಬೋಲ್ಟು ಅಡಗಿ ಕೂತಿದೆ. ಎಫ್-134ರಲ್ಲಿ ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಇನ್‌ಲೆಟ್ ದಾರಿ ಹೆಡ್ಡಿನೊಳಗೇ ಎರಕವಾಗಿರುವುದರಿಂದ ಆ ಬೋಲ್ಟು ಹೊರಗೆ ಕಾಣುವುದಿಲ್ಲ. ಅದನ್ನು ಬಿಟ್ಟು ಸಬ್ಬಲ್ ಹಾಕಿ ಮೀಟಿದ ಹೆಡ್ಡುಗಳು ಎಷ್ಟು ಒಡೆದಿವೆಯೋ. ಕೂಡಿಸುವಾಗಲೂ ಅದಕ್ಕೆ ಉಳಿದವುಗಳಷ್ಟೇ, 60ರಿಂದ 70 ಪೌಂಡ್-ಅಡಿ ಟಾರ್ಕ್ ಕೊಟ್ಟು, ಆಮೇಲೆ ಕಾರ್ಬುರೇಟರ್ ಹಾಕಿ.

ವಾಲ್ವ್ ಗ್ಯಾಪು ತಣ್ಣಗಿದ್ದಾಗ ಇನ್‌ಲೆಟ್ 0.46, ಎಕ್ಸಾಸ್ಟ್ 0.41 ಮಿ.ಮೀ. ಎಕ್ಸಾಸ್ಟಿನದನ್ನು ಮ್ಯಾನಿಫೋಲ್ಡಿನ ಅಡಿಯ ಪಕ್ಕದ ಮುಚ್ಚಳ ತೆಗೆದು ನೋಡಬೇಕು, ಕೈ ಸುಲಭವಾಗಿ ಹೋಗದು. ಅದಕ್ಕೇ ಅನೇಕರು ಮೇಲಿನ ನಾಲ್ಕನ್ನು ಮಾಡಿ ಕೆಳಗಿನದನ್ನು ದೇವರಿಗೆ ಬಿಡುತ್ತಾರೆ. ಸುಟ್ಟುಹೋಗುವುದು ಕೆಳಗಿನ ಆ ನಾಲ್ಕೇ. ಹಿಂದಿನ ಮೇನ್ ಬೇರಿಂಗ್ ಕ್ಯಾಪಿನ ಎರಡು ಪಕ್ಕದ ರಬ್ಬರ್ ಪ್ಯಾಕಿಂಗ್ ಸುಮಾರು 6 ಮಿ.ಮೀ. ಹೊರಗೆ ಚಾಚಿಕೊಂಡಿರಬೇಕು. ಅಂದವಾಗಲಿ ಅಂತ ಬ್ಲೇಡಿನಲ್ಲಿ ಸಮ ಕತ್ತರಿಸಿದರೆ ಕ್ಲಚ್ ಹೌಸಿಂಗಿನಿಂದ ಆಯಿಲ್ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಫೈರಿಂಗ್ ಆರ್ಡರ್ 1-3-4-2. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.5, ಪ್ಲಗ್ ಗ್ಯಾಪ್ 0.75 ಮಿ.ಮೀ.

ಪೆಟ್ರೋಲೇ ಬದಲಾಗಿದೆ ಅನ್ನುವುದನ್ನು ಮರೆಯಬಾರದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ-20, ಅಂದರೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್, ಹಳೆ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಹಳೆ ಜಿಡ್ಡನ್ನು ಕರಗಿಸಿ ಕಾರ್ಬುರೇಟರಿನ ಜೆಟ್ಟಿಗೆ (ಪೆಟ್ರೋಲ್ ಹಾಯುವ ಸಣ್ಣ ತೂತು) ತಂದು ತುಂಬುತ್ತದೆ. ಟ್ಯಾಂಕ್ ತೊಳೆಸಿ, ಹೋಸುಗಳನ್ನೂ ಪಂಪಿನ ಡಯಾಫ್ರಾಮನ್ನೂ ವೈಟಾನ್ ರಬ್ಬರಿಗೆ ಬದಲಿಸಿದೆ. ಮಿಶ್ರಣ ತೆಳುವಾಗುವುದರಿಂದ ಮೇನ್ ಜೆಟ್ಟು ಸ್ವಲ್ಪ ದೊಡ್ಡದು ಬೇಕು. ಸೋಲೆಕ್ಸ್ ಕಾರ್ಬುರೇಟರಿನಲ್ಲಿ 130 ನಂಬರಿನ ಜೆಟ್ ಇದ್ದರೆ 135 ಹಾಕಿ, ಪ್ಲಗ್ಗಿನ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ಇನ್ನೂ ತೆಳು. ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಆಯಿಲ್ ಕಡ್ಡಿ ಎಳೆದಾಗ ಪೆಟ್ರೋಲ್ ವಾಸನೆ ಬಂದು ಮಟ್ಟ ಏರಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಎಲೆಕ್ಟ್ರಿಕ್ ಪಂಪ್ ಹಾಕುವವರು 3 ಪಿ.ಎಸ್.ಐ. ಮೀರಬೇಡಿ, ಆಯಿಲ್ ಪ್ರೆಷರ್ ಬಿದ್ದರೆ ಪಂಪ್ ನಿಲ್ಲುವ ಸ್ವಿಚ್ಚನ್ನೂ ಹಾಕಿ. ಈ ಗಾಡಿಯಲ್ಲಿ ಕಾರ್ಬುರೇಟರ್ ನಿಮ್ಮ ಮೊಣಕಾಲಿನ ಪಕ್ಕದಲ್ಲಿದೆ.

ಅದೇ ಕಾರಣಕ್ಕೆ ಎಂಜಿನ್ ಡಬ್ಬಿಯ ಅಂಚಿಗೆ ಸುತ್ತಲೂ ಹೊಸ ರಬ್ಬರ್, ಒಳಮೈಗೆ ಸೆರಾಮಿಕ್ ಉಣ್ಣೆ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ. ಶಾಖಕ್ಕಿಂತ ಹೊಗೆ ಒಳಬರುವುದು ಅಪಾಯ. ಥರ್ಮೋಸ್ಟಾಟ್ ತೆಗೆದರೆ ಬಿಸಿ ಕಮ್ಮಿಯಾಗುತ್ತೆ ಅನ್ನುವ ಮಾತು ಕೇಳಬೇಡಿ. ಬಿಸಿಗೆ ಕಾರಣ ಬ್ಲಾಕಿನ ಹಿಂಭಾಗದಲ್ಲಿ ಕೂತ ಕೆಸರು. ಕೋರ್ ಪ್ಲಗ್ಗುಗಳನ್ನು ತೆಗೆದು ಪೈಪಿನಲ್ಲಿ ನೀರು ಬಿಟ್ಟು, ತಂತಿಯಿಂದ ಕೆದಕಿ ತೆಗೆದೆ.

ವೈರಿಂಗ್ ಪೂರ್ತಿ ಹೊಸದು. ಡೈನಮೋ ಜಾಗಕ್ಕೆ ಸಣ್ಣ ಕಾರಿನ 45 ಆಂಪಿಯರ್ ಆಲ್ಟರ್ನೇಟರ್. ಹಳೆ ಬೆಲ್ಟು ಅಗಲ, ಹೊಸ ಪುಲ್ಲಿ ಕಿರಿದು. ಡೈನಮೋದ ಪುಲ್ಲಿಯನ್ನೇ ಲೇತಿನಲ್ಲಿ ಬೋರ್ ಮಾಡಿಸಿ ಕೂರಿಸಿದೆ. ಚಾರ್ಜಿಂಗ್ ವೈರು 8 ಚದರ ಮಿ.ಮೀ. ಹಳೆ 30 ಆಂಪಿಯರ್ ಅಮ್ಮೀಟರ್ ಮೂಲಕ ಇಷ್ಟು ಕರೆಂಟ್ ಹರಿಸಿದರೆ ಡ್ಯಾಷ್‌ಬೋರ್ಡಿನ ಹಿಂದೆ ಸುಡುತ್ತದೆ, ಅದರ ಬದಲು ವೋಲ್ಟ್‌ಮೀಟರ್. ಹೆಡ್‌ಲೈಟಿಗೆ 7 ಇಂಚಿನ ಎಚ್-4, ಎರಡೂ ಸೇರಿ 10 ಆಂಪಿಯರ್ ಎಳೆಯುವುದರಿಂದ ರಿಲೇ ಮೂಲಕ 2.5 ಚದರ ಮಿ.ಮೀ. ವೈರು. ಚಾಸಿಗೆ ಅರ್ತ್ ಕೊಡುವ ಕಡೆ ಬಣ್ಣ ಕೆರೆದು ಬಿಗಿಯಿರಿ. ಹೊಸ ವೈರಿಂಗಿನಲ್ಲಿ ಲೈಟು ಮಂಕಾದರೆ ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ.

ತಗಡಿನ ಕೆಲಸಕ್ಕೆ 18 ಗೇಜ್ ಹಾಳೆ. 25-30 ಮಿ.ಮೀ.ಗೊಂದು ಮಿಗ್ ವೆಲ್ಡಿಂಗಿನ ಟಾಕು, ತಣ್ಣಗಾದ ಮೇಲೆ ನಡುವೆ ಇನ್ನೊಂದು. ಒಂದೇ ಎಳೆತಕ್ಕೆ ಬೆಸೆದರೆ ತಗಡು ಹಪ್ಪಳದ ಹಾಗೆ ಏಳುತ್ತದೆ. ಜೋಡಣೆಗೆ ಸೀಲರ್, ಅದರ ಮೇಲೆ ಎಪಾಕ್ಸಿ ಪ್ರೈಮರ್. ಪುಟ್ಟಿ 2 ಮಿ.ಮೀ. ಮೀರಬಾರದು. ಮಲೆನಾಡಿನ ಮಳೆಗೆ ನಿಲ್ಲಬೇಕಾದ ಗಾಡಿಯಾದರೆ ಬಾಗಿಲ ತಳದ ನೀರಿನ ತೂತುಗಳನ್ನು ಪೇಂಟರ್ ಮುಚ್ಚಿದ್ದಾನೋ ನೋಡಿ, ಬಹುತೇಕ ಮುಚ್ಚಿರುತ್ತಾನೆ.

ಗೇರ್‌ಬಾಕ್ಸಿಗೆ ಜಿ.ಎಲ್.-4 ದರ್ಜೆಯ ಎಣ್ಣೆ, ಎಂಜಿನ್ನಿಗೆ 15ಡಬ್ಲ್ಯೂ-40, ಫಿಲ್ಟರ್ ಸೇರಿ ಸುಮಾರು 4.7 ಲೀಟರ್. ಗೇರ್‌ಬಾಕ್ಸಿನ ಮಟ್ಟ ಇಳಿದು ಟ್ರಾನ್ಸ್‌ಫರ್ ಕೇಸಿನದು ಏರಿದ್ದರೆ ಎಣ್ಣೆ ಒಳಗಿಂದೊಳಗೆ ದಾಟುತ್ತಿದೆ ಎಂದರ್ಥ. ಮೊದಲ 500 ಕಿ.ಮೀ. ಆದ ಮೇಲೆ ಎಂಜಿನ್ ಆಯಿಲ್ ಬದಲಿಸಿದೆ, ಹೆಡ್ಡಿಗೆ ಮತ್ತೆ ಟಾರ್ಕ್ ಹಿಡಿದೆ, ವಾಲ್ವ್ ಗ್ಯಾಪ್ ನೋಡಿದೆ. ಎರಡನೇ ಸಿಲಿಂಡರಿನ ಎಕ್ಸಾಸ್ಟ್ 0.05 ಮಿ.ಮೀ. ಬಿಗಿಯಾಗಿತ್ತು. ಮ್ಯಾನಿಫೋಲ್ಡ್ ಅಡಿ ಕೈ ತೂರಿಸುವ ಕೆಲಸ ಮತ್ತೊಮ್ಮೆ.