ಕ್ರೋಕ್ ಮೊಸ್ಯೂ ಮಾಡುವ ಮುನ್ನ ಬ್ರೆಡ್ಡಿನ ಒಳಮೈ ಒಣಗಿಸಿ

ಕಳೆದ ಭಾನುವಾರ ಮಗನ ಮನೆಯಲ್ಲಿ ಹನ್ನೊಂದು ಗಂಟೆಯ ಬ್ರಂಚ್‌ಗೆ ಕ್ರೋಕ್ ಮೊಸ್ಯೂ ಮಾಡಿದ್ದರು, ಅಂದರೆ ಹ್ಯಾಮ್ ಎಂಬ ಹಂದಿಮಾಂಸದ ಹೋಳು, ಚೀಸ್ ಇಟ್ಟು ಓವನ್ನಿನಲ್ಲಿ ಸುಡುವ ಫ್ರೆಂಚ್ ಸ್ಯಾಂಡ್‌ವಿಚ್. ಮೇಲಿನ ಚೀಸ್ ಹೊಂಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಗುಳ್ಳೆಯೂ ಎದ್ದಿತ್ತು, ನೋಡಲು ಒಂದು ಕುಂದಿರಲಿಲ್ಲ. ಚಾಕು ಇಟ್ಟೆ. ಮೇಲಿನ ಪದರ ಕತ್ತರಿಸಿತು, ಕೆಳಗಿನ ಬ್ರೆಡ್ಡು ಮಾತ್ರ ನೆನೆದ ಹತ್ತಿಯಂತೆ ಚಾಕುವಿಗೆ ಅಂಟಿಕೊಂಡು ಬಂತು. ಇದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಫ್ರಾನ್ಸಿಗೆ ಓದಲು ಬರುವ ನಮ್ಮ ಕಡೆಯ ಮಕ್ಕಳೂ ಹೀಗೇ ಮಾಡುತ್ತಾರೆ, ಇಲ್ಲೇ ಹುಟ್ಟಿ ಬೆಳೆದವರೂ ಹೀಗೇ ಮಾಡುತ್ತಾರೆ. ಹೇಳಹೋದರೆ ‘ಅತ್ತೆ, ಅದೊಂದು ಸ್ಯಾಂಡ್‌ವಿಚ್ ತಾನೆ’ ಎನ್ನುತ್ತಾಳೆ ಸೊಸೆ. ಸ್ಯಾಂಡ್‌ವಿಚ್ ತಾನೆ ಎಂದುಕೊಂಡು ಮಾಡಿದ್ದಕ್ಕೇ ಅದು ಹಾಗಾದದ್ದು.

ಫ್ರೆಂಚಿನಲ್ಲಿ ಕ್ರೋಕೆ ಎಂದರೆ ಕರುಂ ಎಂದು ಕಡಿಯುವುದು. 1910ರ ಹೊತ್ತಿಗೆ ಪ್ಯಾರಿಸ್ಸಿನ ಕೆಫೆಗಳ ಪಟ್ಟಿಯಲ್ಲಿ ಈ ತಿಂಡಿ ಇತ್ತು. ಅಂದಿನಿಂದ ಇಂದಿನವರೆಗೆ ಹೆಸರಿನಲ್ಲಿ ಆ ಸದ್ದು ಉಳಿದಿದೆ, ತಟ್ಟೆಯಲ್ಲಿ ಇಲ್ಲವಾಗಿದೆ. ಹ್ಯಾಮ್ ಒದ್ದೆ, ಬೆಶಮೆಲ್ ಎಂಬ ಹಾಲು-ಮೈದಾದ ಬಿಳಿ ಸಾಸ್ ಒದ್ದೆ, ಕರಗಿದ ಚೀಸ್ ಒದ್ದೆ. ಈ ಮೂರರ ನಡುವೆ ಹಸಿ ಬ್ರೆಡ್ಡನ್ನು ಇಟ್ಟರೆ ಅದು ಕುಡಿಯದೆ ಇನ್ನೇನು ಮಾಡೀತು?

ನಾನು ವಿರಾಜಪೇಟೆ ಕಡೆಯವಳು. ಹಂದಿಮಾಂಸ ನನಗೆ ಹೊಸದಲ್ಲ, ರೊಟ್ಟಿಯೂ ಹೊಸದಲ್ಲ. ಮದುವೆಯಾಗಿ ಡಿಜೋನ್ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಕೆಳಮಹಡಿಯ ಅಜ್ಜಿ ನನಗೆ ಈ ತಿಂಡಿ ಕಲಿಸಲು ಕೂತರು. ಬ್ರೆಡ್ಡು ಸುಟ್ಟು ಕೊಡು ಎಂದರು. ಸುಟ್ಟೆ. ಒಂದರ ಮೇಲೊಂದು ಪೇರಿಸಿ ಬಟ್ಟೆಯಲ್ಲಿ ಸುತ್ತಿ ಮುಚ್ಚಿಟ್ಟೆ. ಅಮ್ಮ ಅಕ್ಕಿರೊಟ್ಟಿಯನ್ನು ಕಾವಲಿಯಿಂದ ತೆಗೆದ ಕೂಡಲೇ ಹಾಗೆ ಸುತ್ತಿಡುತ್ತಿದ್ದರು. ಮಧ್ಯಾಹ್ನ ತೋಟದಿಂದ ಬಂದವರು ಬಿಚ್ಚಿದಾಗಲೂ ಅದು ಮೆತ್ತಗೆ ಇರುತ್ತಿತ್ತು, ಪಂದಿಕರಿಯ ರಸದಲ್ಲಿ ಅದ್ದಿದರೆ ಬಾಯಲ್ಲಿ ಕರಗುತ್ತಿತ್ತು. ಅಜ್ಜಿ ಬಟ್ಟೆ ತೆರೆದು ನೋಡಿದರು. ಬ್ರೆಡ್ಡಿನ ಮೇಲೆ ಹನಿ ಕೂತಿತ್ತು. ಎಲ್ಲವನ್ನೂ ತೆಗೆದು ಪಕ್ಕಕ್ಕಿಟ್ಟು, ಹೊಸ ಬ್ರೆಡ್ಡು ಕೊಯ್ದು, ನನ್ನ ಮಣಿಕಟ್ಟು ಹಿಡಿದುಕೊಂಡು ಮೊದಲಿನಿಂದ ಮಾಡಿಸಿದರು. ರೊಟ್ಟಿ ಬೆವರಬೇಕು, ಇದು ಬೆವರಬಾರದು ಎಂಬುದು ಆವತ್ತು ತಲೆಗೆ ಹೋಯಿತು.

ಅವರು ಕಲಿಸಿದ್ದು ಹೀಗೆ. ಪ್ಯಾಂ ದ ಮೀ ಎಂಬ ಚೌಕ ಬ್ರೆಡ್ಡು, ನಿನ್ನೆಯದು ಇರಲಿ. ಇಡಿಯದನ್ನೇ ತಂದು ಮನೆಯಲ್ಲಿ ಕಿರುಬೆರಳಿನ ದಪ್ಪಕ್ಕೆ ಕೊಯ್ಯಿರಿ. ಅಂಗಡಿಯ ತೆಳ್ಳನೆಯ ಹೋಳು ಈ ಭಾರ ಹೊರಲಾರದು. ದಪ್ಪ ತಳದ ಕಾವಲಿಯನ್ನು ಹದವಾದ ಉರಿಯಲ್ಲಿ ಕಾಯಿಸಿ. ಬೆಣ್ಣೆ ಬೇಡ, ಎಣ್ಣೆ ಬೇಡ. ಹೋಳಿನ ಒಂದು ಮೈಯನ್ನು ಮಾತ್ರ ಕೆಳಗೆ ಮಾಡಿ ಇಡಿ, ಸೌಟಿನಿಂದ ಒತ್ತಬೇಡಿ. ಮೊದಲು ಬ್ರೆಡ್ಡು ಕಾವಲಿಗೆ ಸ್ವಲ್ಪ ಹಿಡಿದುಕೊಂಡಂತಿರುತ್ತದೆ. ಸ್ವಲ್ಪ ಹೊತ್ತಿಗೆ ಕಾವಲಿಯನ್ನು ಅಲ್ಲಾಡಿಸಿದರೆ ತಾನೇ ಜಾರುತ್ತದೆ, ರಸ್ಕಿನ ವಾಸನೆ ಏಳುತ್ತದೆ. ಆಗ ಎತ್ತಿ ನೋಡಿ. ಗೋಧಿಕಾಳಿನ ಬಣ್ಣ ಬಂದಿರಬೇಕು, ಅದಕ್ಕಿಂತ ಕಪ್ಪು ಬೇಡ. ಉಗುರಿನಿಂದ ಗೀರಿ, ಕರ್ ಎನ್ನಬೇಕು. ಸದ್ದು ಬರದಿದ್ದರೆ ಮತ್ತೆ ಕಾವಲಿಗೆ ಹಾಕಿ. ನಾನು ಇಂದಿಗೂ ಪ್ರತಿ ಹೋಳನ್ನೂ ಗೀರಿ ನೋಡುತ್ತೇನೆ, ಹನ್ನೆರಡು ಜನಕ್ಕೆ ಮಾಡಿದರೂ ಸರಿ.

ತೆಗೆದದ್ದನ್ನು ತಟ್ಟೆಯಲ್ಲಿ ಮಲಗಿಸಬೇಡಿ. ಎರಡೆರಡು ಹೋಳುಗಳನ್ನು ಒಂದಕ್ಕೊಂದು ಒರಗಿಸಿ ಗುಡಾರದ ಹಾಗೆ ನಿಲ್ಲಿಸಿ, ಸುಟ್ಟ ಮೈ ಹೊರಗಿರಲಿ. ಒಳಗಿನ ಹಬೆ ಹೊರಗೆ ಹೋಗಲು ದಾರಿ ಬೇಕು. ಕೈಗೆ ತಣ್ಣಗೆ ತಾಗುವವರೆಗೆ ಮುಟ್ಟಬೇಡಿ. ಈ ಹೊತ್ತೇ ನಮ್ಮ ಮಕ್ಕಳಿಗೆ ಕಾಯಲಾಗದ ಹೊತ್ತು. ಬಿಸಿಯಿರುವಾಗಲೇ ಬೆಶಮೆಲ್ ಬಳಿದು, ಆಮೇಲೆ ಮೆತ್ತಗಾಯಿತು ಎನ್ನುತ್ತಾರೆ.

ಎರಡೂ ಮೈ ಸುಟ್ಟರಾಗದೇ ಎಂದು ಕೇಳುತ್ತಾರೆ. ಆಗದು. ಈ ಸುಟ್ಟ ಮೈ ಒಳಗೆ ಹೋಗಿ ಹ್ಯಾಮ್ ಮತ್ತು ಬೆಶಮೆಲ್‌ನ ತೇವ ತಡೆಯಬೇಕು. ಹೊರಮೈಗೆ ಓವನ್ನಿನ ಕಾವು ಇನ್ನೂ ಕಾದಿದೆ. ಅದನ್ನೂ ಮೊದಲೇ ಸುಟ್ಟರೆ ಚೀಸ್ ಕರಗುವಷ್ಟರಲ್ಲಿ ಹೆಂಚಿನಂತಾಗಿ ಅಂಗುಳು ಕೆರೆಯುತ್ತದೆ.

ಬೆಶಮೆಲ್ ಎಲ್ಲರಿಗೂ ಗೊತ್ತಿರುವುದೇ. ಬೆಣ್ಣೆ ಎಷ್ಟೋ ಮೈದಾ ಅಷ್ಟೇ ತೂಕ. ಹಸಿ ವಾಸನೆ ಹೋಗುವವರೆಗೆ ಹುರಿದು, ಬಣ್ಣ ತಿರುಗುವ ಮುನ್ನ ತಣ್ಣನೆಯ ಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಕದಡಿ. ಇಡ್ಲಿ ಹಿಟ್ಟಿಗಿಂತ ಒಂದು ಕೈ ಗಟ್ಟಿ ಇರಬೇಕು, ಸೌಟು ಎಳೆದ ಗೆರೆ ಹಾಗೇ ನಿಲ್ಲಬೇಕು. ಜಾಯಿಕಾಯಿಯನ್ನು ಎರಡು ಸಲ ಉಜ್ಜಿದರೆ ಸಾಕು. ಉಪ್ಪು ಹಾಕಲೇಬೇಡಿ, ಹ್ಯಾಮ್‌ನಲ್ಲೂ ಚೀಸ್‌ನಲ್ಲೂ ಬೇಕಾದಷ್ಟಿದೆ. ನಾನು ಶನಿವಾರ ರಾತ್ರಿಯೇ ಕಾಯಿಸಿ, ಕೆನೆಗಟ್ಟದಂತೆ ಮೇಲ್ಮೈಗೆ ತಾಗಿಸಿ ಕಾಗದ ಮುಚ್ಚಿ ಫ್ರಿಜ್ಜಿನಲ್ಲಿಡುತ್ತೇನೆ. ತಣಿದ ಬೆಶಮೆಲ್ ಬ್ರೆಡ್ಡಿನ ಮೇಲೆ ಕೂರುತ್ತದೆ, ಬಿಸಿಯದು ಒಳಗಿಳಿಯುತ್ತದೆ.

ಹ್ಯಾಮ್ ಹೊಗೆ ಹಾಕದ ಬಿಳಿ ಹ್ಯಾಮ್ ಆಗಿರಲಿ, ಇಲ್ಲಿ ಜಾಂಬೋನ್ ಬ್ಲಾಂ ಎನ್ನುತ್ತಾರೆ. ಪೊಟ್ಟಣದ ಮೇಲೆ ಸ್ಯುಪೇರಿಯರ್ ಎಂದಿರುವುದನ್ನು ಆರಿಸಿ. ನೀರು ಹಿಡಿದಿಡಲು ಹಾಕುವ ಪಾಲಿಫಾಸ್ಫೇಟ್ ಅದರಲ್ಲಿರುವುದಿಲ್ಲ. ಅಗ್ಗದ ಹ್ಯಾಮ್ ಓವನ್ನಿಗೆ ಹೋದ ಮೇಲೆ ಆ ನೀರನ್ನೆಲ್ಲ ಬಿಡುತ್ತದೆ. ಒಳ್ಳೆಯದನ್ನೂ ಒಣ ಬಟ್ಟೆಯಲ್ಲಿ ಒಮ್ಮೆ ಒತ್ತಿ ತೆಗೆಯಿರಿ. ಬಟ್ಟೆಯ ಮಾತು ಬಂದಾಗ ಹೇಳಿಬಿಡುತ್ತೇನೆ, ಅಡುಗೆಮನೆಯ ಬಟ್ಟೆಗಳನ್ನು ಒಗೆಯುವಾಗ ಆ ಪರಿಮಳದ ಕಂಡೀಷನರ್ ಸುರಿಯಬೇಡಿ. ಅದು ನೂಲಿನ ಮೇಲೆ ಪದರ ಕಟ್ಟುತ್ತದೆ, ಬಟ್ಟೆ ನೀರು ಹೀರುವುದನ್ನು ಬಿಡುತ್ತದೆ. ಸೊಸೆಯ ಮನೆಯಲ್ಲಿ ಗಾಜಿನ ಲೋಟ ಒರೆಸಿದರೆ ನೀರು ಈ ಬದಿಯಿಂದ ಆ ಬದಿಗೆ ಹೋಗುತ್ತದೆ ಅಷ್ಟೆ. ಬಿಸಿನೀರು, ಸೋಪು, ಬಿಸಿಲು ಸಾಕು. ಕೈ ಒರೆಸುವ ಬಟ್ಟೆ ಬೇರೆ, ಪಾತ್ರೆಯದು ಬೇರೆ.

ಚೀಸ್‌ಗೆ ನಾನು ಕೊಂತೆ ಬಿಟ್ಟು ಬೇರೆ ಕೊಳ್ಳುವುದಿಲ್ಲ. ಡಿಜೋನ್ ಊರಿನ ಪೂರ್ವಕ್ಕಿರುವ ಜುರಾ ಬೆಟ್ಟಗಳ ಚೀಸ್, ಹೆಚ್ಚಾಗಿ ಮೋಂಬೆಲ್ಯಾರ್ ಹಸುಗಳ ಕಾಯಿಸದ ಹಾಲಿನದು, ಕಡಿಮೆಯೆಂದರೆ 4 ತಿಂಗಳು ಮಾಗಿರುತ್ತದೆ. 1958ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆಯೂ ಇದೆ. ಗ್ರುಯೆರ್ ಸಿಕ್ಕರೂ ಆದೀತು. ತುರಿದು ಪೊಟ್ಟಣ ಕಟ್ಟಿದ್ದು ಬೇಡ. ಎಳೆ ಅಂಟದಿರಲೆಂದು ಅದಕ್ಕೆ ಪಿಷ್ಟ ಉದುರಿಸಿರುತ್ತಾರೆ, ಕರಗಿದಾಗ ನುಣುಪು ಬರುವುದಿಲ್ಲ. ಮಡಿಕೇರಿಯಿಂದ ತಂಗಿಯ ಮಗಳು ಫೋನ್ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೋಳು ಆಗುತ್ತದೆಯೇ ಎಂದು ಕೇಳಿದಳು. ಬೇಡಮ್ಮಾ, ಗಟ್ಟಿ ಚೀಸಿನ ತುಂಡು ಯಾವುದಾದರೂ ತಂದು ನೀನೇ ತುರಿ ಎಂದೆ.

ಜೋಡಿಸುವಾಗ ಸುಟ್ಟ ಮೈಗೆ ಬೆಶಮೆಲ್ ಬಳಿಯಿರಿ, ತುದಿಯವರೆಗೂ ಹೋಗಬೇಕು. ಹ್ಯಾಮ್‌ಗೆ ಡಿಜೋನ್ ಸಾಸಿವೆ ತೆಳ್ಳಗೆ. ಇದರಲ್ಲಿರುವುದು ನಮ್ಮ ಒಗ್ಗರಣೆಯ ಕಂದು ಸಾಸಿವೆಯ ಜಾತಿಯೇ. ಕಾವಿಗೆ ಘಾಟು ಹಾರಿಹೋಗುತ್ತದೆ, ಬೇಕಾದವರಿಗೆ ತಟ್ಟೆಯ ಪಕ್ಕ ಇನ್ನಷ್ಟು ಇಡಿ. ಒಳಗೆ ಒಂದು ಹಿಡಿ ಚೀಸ್ ಹಾಕಿ, ಸುಟ್ಟ ಮೈ ಒಳಗಾಗುವಂತೆ ಇನ್ನೊಂದು ಹೋಳು ಮುಚ್ಚಿ. ತಳಕ್ಕೆ ಬೆಣ್ಣೆ ಸವರಿ, ಮೇಲೆ ತೆಳ್ಳನೆ ಬೆಶಮೆಲ್ ಬಳಿದು ಧಾರಾಳವಾಗಿ ಚೀಸ್ ಹಾಕಿ. ಓವನ್ 200 ಡಿಗ್ರಿಗೆ ಕಾದಿರಲಿ, ಒಳಗಿನ ತಟ್ಟೆಯೂ ಜೊತೆಗೇ ಕಾದಿರಲಿ. ತಣ್ಣನೆಯ ತಟ್ಟೆಯಲ್ಲಿಟ್ಟರೆ ತಳ ಬೇಯುತ್ತದೆ, ಗರಿಯಾಗುವುದಿಲ್ಲ. ಹತ್ತು ನಿಮಿಷವಾದ ಮೇಲೆ ಮೇಲಿನ ಗ್ರಿಲ್ ಹಾಕಿ. ಆಮೇಲೆ ಅಲ್ಲಿಂದ ಕದಲಬೇಡಿ, ಮೊಬೈಲ್ ಕೈಗೆತ್ತಿಕೊಳ್ಳಬೇಡಿ. ಹೊಂಬಣ್ಣದಿಂದ ಕಪ್ಪಿಗೆ ತಿರುಗಲು ಅರೆಗಳಿಗೆ ಸಾಕು.

ಮೇಲೊಂದು ಮೊಟ್ಟೆಯನ್ನು ಕಾವಲಿಯಲ್ಲಿ ಒಡೆದು ಬೇಯಿಸಿ ಇಟ್ಟರೆ ಅದೇ ಕ್ರೋಕ್ ಮದಾಂ. ಮೊಟ್ಟೆಯ ಹಳದಿ ಹರಿಯುವ ಹಾಗೆ ಇರಲಿ. ಬಡಿಸುವಾಗ ಮಾತ್ರ ಇಡುವುದು, ಓವನ್ನಿಗೆ ಹಾಕುವುದಲ್ಲ.

ಎಲ್ಲರೂ ಮೇಜಿಗೆ ಬಂದು ಕೂತ ಮೇಲೆಯೇ ಓವನ್ನಿನಿಂದ ತೆಗೆಯಿರಿ. ಜೊತೆಗೆ ಹಸಿರು ಎಲೆಗಳ ಸಲಾಡ್ ಬೇಕೇ ಬೇಕು, ಇಷ್ಟು ಜಿಡ್ಡಿಗೆ ಆ ಹುಳಿ ಬೇಕು. ಆದರೆ ಎಣ್ಣೆ, ವಿನೆಗರ್ ಕಲಸಿದ ಆ ಎಲೆಗಳನ್ನು ಕ್ರೋಕ್‌ಗೆ ಒರಗಿಸಿ ಬಡಿಸುತ್ತಾರಲ್ಲ, ಅದನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ. ಬೆಳಗಿನಿಂದ ಹೋಳುಹೋಳನ್ನೂ ಉಗುರಿನಿಂದ ಗೀರಿ ಒಣಗಿಸಿದ್ದು ಯಾಕೆ? ಸಲಾಡ್ ಬೇರೆ ಬಟ್ಟಲಿನಲ್ಲಿರಲಿ.