ನಮ್ಮ ಕ್ರಿಸ್ಮಸ್ಸಿಗೆ ನಮ್ಮದೇ ಕಾಗದ

ಡಿಜಿಟಲ್ ಸ್ಕ್ರ್ಯಾಪ್‌ಬುಕ್ (ಫೋಟೊ, ಅಲಂಕಾರ ಸೇರಿಸಿ ಕಂಪ್ಯೂಟರಿನಲ್ಲೇ ಜೋಡಿಸುವ ನೆನಪಿನ ಪುಸ್ತಕ) ಮಾಡಬೇಕು ಅಂತ ಹೊರಟವರಿಗೆ ಮೊದಲು ಸಿಗುವುದು ರೆಡಿಮೇಡ್ ಕಿಟ್. ಹಿನ್ನೆಲೆಗೆ ಒಂದಷ್ಟು ಬಣ್ಣದ ಕಾಗದ, ಮೇಲೆ ಇಡಲು ರಿಬ್ಬನ್, ಗುಂಡಿ, ಚೌಕಟ್ಟು, ಅಲಂಕಾರದ ಅಕ್ಷರ. ಎಲ್ಲವೂ ಕಂಪ್ಯೂಟರ್ ಫೈಲುಗಳೇ. ಕ್ರಿಸ್ಮಸ್ ಕಿಟ್ ತೆರೆದರೆ ಹಿಮದ ಹರಳು, ಪೈನ್ ಮರ, ಹಿಮಸಾರಂಗ, ಉಣ್ಣೆಯ ಕಾಲುಚೀಲ. ಚೆನ್ನಾಗಿಯೇ ಇರುತ್ತವೆ. ಆದರೆ ಮಂಗಳೂರಿನ ನಮ್ಮ ಮನೆಯ ಫೋಟೊ ಅದರ ಮೇಲೆ ಹೊಂದುವುದಿಲ್ಲ. ಅಮ್ಮ ಸೆಕೆಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ನೆವ್ರಿ ಕರಿಯುತ್ತಿದ್ದಾಳೆ. ಅವಳ ಸುತ್ತ ಹಿಮ ಯಾಕೆ ಬೀಳಬೇಕು?

ಅದಕ್ಕೇ ಕಿಟ್ಟನ್ನೂ ನಾನೇ ಮಾಡಿಕೊಂಡೆ. ಮನೆಯಲ್ಲಿ ಇದ್ದದ್ದನ್ನೇ ಸ್ಕ್ಯಾನ್ ಮಾಡಿ, ಫೋಟೊ ತೆಗೆದು, ಅದರಿಂದಲೇ ಪುಟ, ಕಾರ್ಡ್, ನಕ್ಷತ್ರ ಎಲ್ಲ ಮಾಡಿದೆ. ಕೆಲಸ ಜಾಸ್ತಿ, ನಿಜ. ಆದರೆ ಒಮ್ಮೆ ಮಾಡಿಟ್ಟರೆ ಪ್ರತಿ ವರ್ಷ ಬಳಸಬಹುದು. ಮುಖ್ಯವಾಗಿ, ಪುಟ ನೋಡಿದ ಕೂಡಲೇ ಅದು ನಮ್ಮ ಮನೆ ಅಂತ ಗೊತ್ತಾಗುತ್ತದೆ.

ಕ್ರಿಸ್ಮಸ್ ಕಾಗದ ಅಂದರೆ ಹಿಮ ಇರಲೇಬೇಕು ಅನ್ನುವವರಿಗೆ ನಾನು 1843ರ ಕಾರ್ಡಿನ ಕಥೆ ಹೇಳುತ್ತೇನೆ. ಮಾರಾಟಕ್ಕೆ ಅಚ್ಚಾದ ಮೊದಲ ಕ್ರಿಸ್ಮಸ್ ಕಾರ್ಡ್ ಅದು. ಲಂಡನ್ನಿನ ಹೆನ್ರಿ ಕೋಲ್ ಅವರು ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರಿಂದ ಬರೆಸಿದ್ದು. ಅದರ ನಡುವೆ ಇರುವುದು ಮೇಜಿನ ಸುತ್ತ ಕೂತ ಒಂದು ಸಂಸಾರ. ಎರಡು ಬದಿಗೆ ಬಡವರಿಗೆ ಅನ್ನ, ಬಟ್ಟೆ ಕೊಡುವ ಚಿತ್ರ. ಮನೆಮಂದಿಯ ಚಿತ್ರದಿಂದಲೇ ಶುರುವಾದ ಪದ್ಧತಿ ಇದು. ನನ್ನ ಪುಟದ ನಡುವೆಯೂ ಮನೆಮಂದಿಯೇ ಇರಲಿ ಅಂದುಕೊಂಡೆ.

ಮೊದಲು ಹಿನ್ನೆಲೆಯ ಕಾಗದ. ಅಮ್ಮನ ಹಳೆ ಸೀರೆಯ ಅಂಚು, ಮೇಜಿಗೆ ಹಾಸುವ ಕ್ರೋಶಾ ಬಟ್ಟೆ, ಗೂಡುದೀಪ-ನಕ್ಷತ್ರಕ್ಕೆ ಅಂಟಿಸುವ ತೆಳು ಬಣ್ಣದ ಕಾಗದ, ಚಾಪೆ, ಅಂಗಳದ ಮುರಕಲ್ಲಿನ ಗೋಡೆ. ಚಪ್ಪಟೆಯಾಗಿದ್ದನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟೆ. ಗೋಡೆಯನ್ನು ಮೊಬೈಲಿನಲ್ಲೇ ತೆಗೆದೆ, ಬಿಸಿಲು ನೇರ ಬೀಳದ ಹೊತ್ತಿನಲ್ಲಿ, ಫೋನನ್ನು ಗೋಡೆಗೆ ಸಮವಾಗಿ ಹಿಡಿದು. ಓರೆ ಬಿಸಿಲಿದ್ದರೆ ಮುರಕಲ್ಲಿನ ಪ್ರತಿ ತೂತಿಗೂ ನೆರಳು ಬಿದ್ದು, ಅದರ ಮೇಲೆ ಇಟ್ಟ ಅಕ್ಷರ ಓದಲಾಗುವುದಿಲ್ಲ. ತೆಳು ಬಣ್ಣದ ಕಾಗದ ಸ್ಕ್ಯಾನ್ ಮಾಡುವಾಗ ಹಿಂದೆ ಒಂದು ಬಿಳಿ ಹಾಳೆ ಇಡಿ, ಬಣ್ಣ ಮಂಕಾಗುವುದಿಲ್ಲ.

ಬಟ್ಟೆಯ ಚಿತ್ರವನ್ನು ಇಡೀ ಪುಟಕ್ಕೆ ಹರಡಲು ಅದನ್ನು ಪಕ್ಕಪಕ್ಕ ಜೋಡಿಸಬೇಕು. ಸುಮ್ನೆ ಜೋಡಿಸಿದರೆ ಜೋಡಣೆಯ ಗೆರೆ ಎದ್ದು ಕಾಣುತ್ತದೆ. ಫೋಟೊ ತಿದ್ದುವ ಜಿಂಪ್ ತಂತ್ರಾಂಶದಲ್ಲಿ ಲೇಯರನ್ನು, ಅಂದರೆ ಚಿತ್ರದ ಪದರವನ್ನು, ಅರ್ಧ ಅಗಲ, ಅರ್ಧ ಎತ್ತರ ಸರಿಸುವ ಆಫ್‌ಸೆಟ್ ಅನ್ನುವ ಸೌಲಭ್ಯ ಇದೆ. ಹಾಗೆ ಸರಿಸಿದಾಗ ಅಂಚುಗಳೆಲ್ಲ ನಡುವಿಗೆ ಬರುತ್ತವೆ. ಆ ಗೆರೆಯನ್ನು, ಪಕ್ಕದ ಭಾಗವನ್ನೇ ನಕಲು ಮಾಡಿ ಹಚ್ಚುವ ಕ್ಲೋನ್ ಉಪಕರಣದಿಂದ ಮುಚ್ಚಿದರೆ ಆಯಿತು. ಆಮೇಲೆ ಎಷ್ಟು ದೊಡ್ಡ ಪುಟಕ್ಕೂ ಹರಡಬಹುದು. ಜಿಂಪ್ ಉಚಿತ, ಟೆಂಪ್ಲೇಟ್ (ಕತ್ತರಿಸಿ ಮಡಚುವ ಮಾದರಿ ನಕ್ಷೆ) ಬರೆಯಲು ಬಳಸುವ ಇಂಕ್‌ಸ್ಕೇಪ್ ಕೂಡ ಉಚಿತ. ನನ್ನ ಎಲ್ಲ ಕೆಲಸವೂ ಈ ಎರಡರಲ್ಲೇ.

ಇನ್ನು ಮೇಲೆ ಇಡುವ ತುಣುಕುಗಳು. ನನಗೆ ಅತಿ ಇಷ್ಟವಾದದ್ದು ಕೊಕ್ಕಿಸಾಂ. ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಬಿಡುತ್ತಾರಲ್ಲ, ಅದೇ ರೋಸ್ ಕುಕ್ಕಿ. ಕಪ್ಪು ಬಟ್ಟೆಯ ಮೇಲೆ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆದೆ. ಕಪ್ಪನ್ನು ಅಳಿಸಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಫೈಲ್ ಮಾಡಿಟ್ಟೆ. ಜೆಪೆಗ್‌ನಲ್ಲಿ ಪಾರದರ್ಶಕ ಹಿನ್ನೆಲೆ ಉಳಿಯುವುದಿಲ್ಲ, ಅದಕ್ಕೇ ಪಿಎನ್‌ಜಿ. ಬೇರೆಯವರ ಕಿಟ್ಟಿನಲ್ಲಿ ಹಿಮದ ಹರಳು ಇರುವ ಜಾಗದಲ್ಲೆಲ್ಲ ನಮ್ಮ ಪುಟದಲ್ಲಿ ಕೊಕ್ಕಿಸಾಂ ಇದೆ. ಗುಳಿಯೊ, ಕಿಡಿಯೊ ತಿಂಡಿ, ಬಿದಿರಿನ ನಕ್ಷತ್ರದ ಕಡ್ಡಿ, ಗೋದಲಿಗೆಂದು (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಬಿತ್ತಿದ ಭತ್ತದ ಮೊಳಕೆ, ಇವನ್ನೂ ಹೀಗೇ ಬಿಡಿಸಿಟ್ಟೆ. ಮೊಳಕೆಯ ತುದಿ ಬಿಡಿಸುವುದು ಸ್ವಲ್ಪ ತಾಳ್ಮೆಯ ಕೆಲಸ. ಎಣ್ಣೆ ತಿಂಡಿಯನ್ನು ಸ್ಕ್ಯಾನರಿನಲ್ಲೇ ಇಡಬೇಕು ಅಂತಿದ್ದರೆ ಗಾಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಓಎಚ್‌ಪಿ ಶೀಟ್ ಹಾಸಿಕೊಳ್ಳಿ.

ಹಳೆ ಫೋಟೊಗಳ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಸ್ಕ್ರ್ಯಾಪ್‌ಬುಕ್ಕಿನ ಜೀವ ಇರುವುದು ಅಲ್ಲೇ. ಸಣ್ಣ ಪ್ರಿಂಟ್‌ಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದೆ. 3.5 × 5 ಇಂಚಿನ ಫೋಟೊ ಆಗ 2100 × 3000 ಪಿಕ್ಸೆಲ್ ಆಗುತ್ತದೆ. ಅಚ್ಚಿಗೆ ಬೇಕಾದ 300 ಡಿಪಿಐ ಲೆಕ್ಕದಲ್ಲಿ ಅದನ್ನು 7 × 10 ಇಂಚಿಗೆ ದೊಡ್ಡದು ಮಾಡಬಹುದು. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಅಪ್ಪ ಹಿಂದೆ ಬರೆದಿಟ್ಟ ತಾರೀಕು, ಊರು, ಅವರ ಕೈಬರಹ ಪುಟಕ್ಕೆ ಬಂದರೆ ಬೇರೆ ಅಲಂಕಾರವೇ ಬೇಡ.

ಕೆಲವು ಸ್ಟುಡಿಯೊ ಫೋಟೊಗಳ ಕಾಗದ ನುಣುಪಾಗಿರುವುದಿಲ್ಲ, ಮೇಲೆ ಜೇನುಗೂಡಿನ ಹಾಗೆ ಸಣ್ಣ ಉಬ್ಬು ಇರುತ್ತದೆ. ಸ್ಕ್ಯಾನ್ ಮಾಡಿದರೆ ಮುಖದ ತುಂಬ ಚುಕ್ಕಿ. ಇದಕ್ಕೊಂದು ಒಳ್ಳೆಯ ದಾರಿ ಇದೆ. ಒಮ್ಮೆ ನೇರ ಸ್ಕ್ಯಾನ್ ಮಾಡಿ, ಇನ್ನೊಮ್ಮೆ ಫೋಟೊವನ್ನು ತಲೆಕೆಳಗಾಗಿ ಇಟ್ಟು ಸ್ಕ್ಯಾನ್ ಮಾಡಿ. ಎರಡನೆಯದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ, ಮೊದಲನೆಯದರ ಮೇಲೆ ಸರಿಯಾಗಿ ಕೂರಿಸಿ, 50 ಶೇಕಡಾ ಪಾರದರ್ಶಕ ಮಾಡಿ. ಸ್ಕ್ಯಾನರಿನ ಬೆಳಕು ಎರಡು ಸಲ ಎದುರು ಬದಿಯಿಂದ ಬಿದ್ದಿರುವುದರಿಂದ ಉಬ್ಬಿನ ನೆರಳುಗಳು ಬಹುಮಟ್ಟಿಗೆ ಹೊಡೆದುಹೋಗುತ್ತವೆ.

1980ರ ಸುಮಾರಿನ ಕಲರ್ ಫೋಟೊಗಳು ನಮ್ಮಲ್ಲಿ ಬಹಳಷ್ಟು ಕೆಂಪಾಗಿದ್ದವು. ಆ ಪ್ರಿಂಟ್‌ಗಳಲ್ಲಿ ಹಸಿರು-ನೀಲಿ ಬಣ್ಣ ಬೇಗ ಮಾಸುತ್ತದೆ, ಕೆಂಪು ಉಳಿದುಕೊಳ್ಳುತ್ತದೆ. ಜಿಂಪ್‌ನ ಲೆವೆಲ್ಸ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ಹೊಂದಿಸಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಪೂರ್ತಿ ಹೊಸದರ ಹಾಗೆ ಮಾಡಲು ಹೋಗಬೇಡಿ. ಚರ್ಮದ ಬಣ್ಣ ಸಹಜವಾಗಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಅಂಟಿನ ಹಾಳೆಯ ಆಲ್ಬಮ್‌ನಲ್ಲಿ ಫೋಟೊ ಕಚ್ಚಿಕೊಂಡಿದ್ದರೆ ಎಳೆಯಬೇಡಿ. ಹಲ್ಲಿಗೆ ಬಳಸುವ ಫ್ಲಾಸ್ ದಾರವನ್ನು ಹಿಂಬದಿಯಲ್ಲಿ ಗರಗಸದ ಹಾಗೆ ನಿಧಾನವಾಗಿ ಆಡಿಸಿದರೆ ಬಿಟ್ಟುಕೊಳ್ಳುತ್ತದೆ.

ಪುಟದ ಅಳತೆ ಅಂಗಡಿ ನೋಡಿ ತೀರ್ಮಾನಿಸಿದೆ. ಹೊರದೇಶದ ಹೆಚ್ಚಿನ ಕಿಟ್‌ಗಳು 12 × 12 ಇಂಚಿಗೆ ಇರುತ್ತವೆ, ಅಂದರೆ 3600 × 3600 ಪಿಕ್ಸೆಲ್. ನಮ್ಮ ಕಡೆಯ ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 12 × 18 ಇಂಚಿನ ಹಾಳೆ. ಅದರಲ್ಲಿ 12ರ ಪುಟ ಒಂದೇ ಕೂರುತ್ತದೆ, ಅದೂ ಅಂಚಿಗೆ ಜಾಗವಿಲ್ಲದೆ. 8 × 8 ಇಂಚಾದರೆ ಆರಾಮವಾಗಿ ಎರಡು ಪುಟ. ಹಾಗಾಗಿ 2400 × 2400 ಪಿಕ್ಸೆಲ್ ಇಟ್ಟುಕೊಂಡೆ, ಕತ್ತರಿಸಲು ಸುತ್ತ 3 ಮಿಲಿಮೀಟರ್ ಜಾಸ್ತಿ.

ಡಿಜಿಟಲ್ ಪುಟ ಕಾಗದದ ಹಾಗೆ ಕಾಣುವುದು ನೆರಳಿನಿಂದ. ಎಲ್ಲ ತುಣುಕಿನ ನೆರಳೂ ಒಂದೇ ದಿಕ್ಕಿಗೆ ಬೀಳಬೇಕು. ನಾನು ಬೆಳಕು ಎಡ ಮೇಲಿನಿಂದ ಬರುತ್ತದೆ ಅಂತ ಇಟ್ಟುಕೊಂಡೆ. ಕಾಗದದ ತುಣುಕಿಗೆ ಸಣ್ಣ, ಗಟ್ಟಿ ನೆರಳು. ಕೊಕ್ಕಿಸಾಂನಂಥ ದಪ್ಪ ವಸ್ತುವಿಗೆ ಸ್ವಲ್ಪ ದೂರದ, ಮಸುಕು ನೆರಳು. ಇಷ್ಟು ಮಾಡಿದರೆ ಅಚ್ಚಾದ ಮೇಲೆ ಜನ ಬೆರಳಿನಿಂದ ಮುಟ್ಟಿ ನೋಡುತ್ತಾರೆ.

ಕನ್ನಡ ಅಕ್ಷರಕ್ಕೆ ಬೇರೆಯೇ ಎಚ್ಚರ ಬೇಕು. ‘ಕ್ರಿಸ್ಮಸ್’ ಅನ್ನುವ ಪದದಲ್ಲೇ ಎರಡು ಒತ್ತಕ್ಷರ ಇದೆ. ಹಳೆ ಆವೃತ್ತಿಯ ಫೋಟೊಶಾಪ್ ಬಳಸುವವರು ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಳ್ಳದಿದ್ದರೆ ಒತ್ತು ಬೇರೆ, ಅಕ್ಷರ ಬೇರೆ ಆಗಿ ನಿಲ್ಲುತ್ತದೆ. ಜಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಯೂನಿಕೋಡ್ ಕನ್ನಡ ತಾನಾಗಿಯೇ ಸರಿ ಬರುತ್ತದೆ. ಶೀರ್ಷಿಕೆಗೆ ಬಾಲೂ ತಮ್ಮ ಫಾಂಟ್, ಕಥೆ ಬರೆಯಲು ನೋಟೊ ಸೆರಿಫ್ ಕನ್ನಡ ಬಳಸಿದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಂಗಡಿಗೆ ಕೊಡುವ ಮೊದಲು ಇಂಕ್‌ಸ್ಕೇಪ್‌ನಲ್ಲಿ ಅಕ್ಷರವನ್ನು ಪಾತ್ ಆಗಿ ಬದಲಿಸಿ. ಆಗ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ತೊಂದರೆ ಇಲ್ಲ.

ಕಾಗದದ ಕೆಲಸಕ್ಕೆ ಬರೋಣ. ಪುಟಕ್ಕೆ ಮಾಡಿದ ಅದೇ ವಿನ್ಯಾಸಗಳನ್ನು ಅಚ್ಚು ಹಾಕಿಸಿ ನಕ್ಷತ್ರ ಮಡಚಿದೆ. ಶುರು ಮಾಡುವವರಿಗೆ ಫ್ರೋಬೆಲ್ ನಕ್ಷತ್ರ ಒಳ್ಳೆಯದು. ಕಿಂಡರ್‌ಗಾರ್ಟನ್ ಕಲ್ಪನೆ ತಂದ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಅವರ ಹೆಸರು ಅದಕ್ಕಿದೆ. ಕಾಗದದ ನಾಲ್ಕು ಪಟ್ಟಿ ಸಾಕು, ಕತ್ತರಿ, ಅಂಟು ಹೆಚ್ಚುಕಮ್ಮಿ ಬೇಡವೇ ಬೇಡ. ಪಟ್ಟಿಗಳನ್ನು ಅರ್ಧಕ್ಕೆ ಮಡಚಿ, ಚಾಪೆ ಹೆಣೆದ ಹಾಗೆ ಒಂದರೊಳಗೊಂದು ಸಿಕ್ಕಿಸಿ, ತುದಿಗಳನ್ನು ಮಡಚುತ್ತಾ ಹೋದರೆ 16 ಮೊನೆಯ ನಕ್ಷತ್ರ. ಪಟ್ಟಿಯ ಉದ್ದ ಅಗಲಕ್ಕಿಂತ 25ರಿಂದ 30 ಪಟ್ಟು ಇರಬೇಕು. 12 × 18 ಹಾಳೆಯ ಉದ್ದ ಸುಮಾರು 45.7 ಸೆಂಟಿಮೀಟರ್. ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿಗೆ ಇದು ಹೇಳಿ ಮಾಡಿಸಿದ ಅಳತೆ. ಒಂದು ಹಾಳೆಯಲ್ಲಿ 20 ಪಟ್ಟಿ, ಅಂದರೆ 5 ನಕ್ಷತ್ರ. ಕಾಗದದ ಎರಡೂ ಬದಿ ಕಾಣುವುದರಿಂದ ಎರಡೂ ಬದಿಗೆ ಅಚ್ಚು ಹಾಕಿಸಿ. ತುಂಬ ದಪ್ಪ ಕಾಗದ ಬೇಡ, 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಕ) ಆಸುಪಾಸು ಸಾಕು.

ನನ್ನ ಮನಸ್ಸು ಪೂರ್ತಿ ಹಿಡಿದಿಟ್ಟದ್ದು ಮಾತ್ರ ಹರ್ನ್‌ಹುಟ್ ನಕ್ಷತ್ರ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಊರಿನ ಮೊರೇವಿಯನ್ ಕ್ರೈಸ್ತ ಪಂಗಡದ ಶಾಲೆಯಲ್ಲಿ ಜ್ಯಾಮಿತಿ ಪಾಠವಾಗಿ ಹುಟ್ಟಿದ್ದು. ಒಳಗೆ ದೀಪ ಇಟ್ಟು ತೂಗುಹಾಕುವ, ಎಲ್ಲ ದಿಕ್ಕಿಗೂ ಮೊನೆ ಚಾಚಿದ ನಕ್ಷತ್ರ. ನಮ್ಮ ಬಿದಿರಿನ ನಕ್ಷತ್ರವನ್ನೂ ದೀಪ ಇಟ್ಟೇ ತೂಗುಹಾಕುತ್ತೇವಲ್ಲ, ಅದಕ್ಕೇ ಇರಬೇಕು, ಮನೆಯಲ್ಲಿ ಎಲ್ಲರಿಗೂ ಕೂಡಲೇ ಹಿಡಿಸಿತು.

ಇದರಲ್ಲಿ ಚೌಕ ತಳದ 17 ಮೊನೆ, ತ್ರಿಕೋನ ತಳದ 8 ಮೊನೆ. ಹದಿನೆಂಟನೆಯ ಚೌಕ ದೀಪದ ವಯರ್ ಬರಲು ಖಾಲಿ. ಎಲ್ಲ ಮೊನೆಗೂ ಒಂದೇ ತ್ರಿಕೋನ ಸಾಕು ಅನ್ನುವುದೇ ಇದರ ಸೊಗಸು. ತಳ 4 ಸೆಂಟಿಮೀಟರ್, ಎತ್ತರ 12 ಸೆಂಟಿಮೀಟರ್ ಇರುವ ತ್ರಿಕೋನ ಒಂದನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದೆ. ತುದಿಯನ್ನು ಕೇಂದ್ರವಾಗಿಟ್ಟು 18.9 ಡಿಗ್ರಿ ತಿರುಗಿಸುತ್ತಾ ನಕಲು ಮಾಡಿದೆ. ನಾಲ್ಕು ಸೇರಿದರೆ ಚೌಕದ ಮೊನೆ, ಮೂರು ಸೇರಿದರೆ ತ್ರಿಕೋನದ ಮೊನೆ. ಒಂದು ಬದಿಗೆ ಮತ್ತು ತಳಗಳಿಗೆ 6 ಮಿಲಿಮೀಟರ್ ಅಂಟಿನ ಪಟ್ಟಿ. ಎ4 ಹಾಳೆಗೆ ಎರಡು ಮೊನೆ ಹಿಡಿಯುತ್ತದೆ, ಒಟ್ಟು 13 ಹಾಳೆ.

ಮೊನೆಗಳ ಒಳಬದಿಗೆ ಅಮ್ಮನ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ಪುಸ್ತಕದ ಕೈಬರಹ ಅಚ್ಚು ಹಾಕಿದೆ. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ: ಅಕ್ಕಿ ಎಷ್ಟು, ತೆಂಗಿನ ಹಾಲು ಎಷ್ಟು, ಎಷ್ಟು ಹೊತ್ತು ನೆನೆಸಬೇಕು. ಒಳಬದಿಗೆ ಹಾಕುವಾಗ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು, ಆಗಲೇ ಹೊರಗಿನಿಂದ ನೇರವಾಗಿ ಓದಲು ಬರುವುದು. ಹಗಲು ನೋಡಿದರೆ ಬರೀ ಬಿಳಿ ನಕ್ಷತ್ರ. ದೀಪ ಹಾಕಿದಾಗ ಮಾತ್ರ ಬರಹ ಮೂಡುತ್ತದೆ. ದುಬೈಯಲ್ಲಿರುವ ಅಕ್ಕನಿಗೆ ಟೆಂಪ್ಲೇಟ್ ಕಳಿಸಿದೆ. ಅವಳ ಮಕ್ಕಳು ಅಲ್ಲೇ ಅಚ್ಚು ಹಾಕಿ ಜೋಡಿಸಿದರು. ಆಮೇಲೆ ಅಜ್ಜಿಗೆ ವಿಡಿಯೊ ಕಾಲ್ ಮಾಡಿ ಒಂದೊಂದೇ ಮೊನೆ ಓದಿಸಿಕೊಂಡರು. ನಾನು ಈ ಕೆಲಸಕ್ಕೆ ಕೈ ಹಾಕಿದ್ದೇ ಇದಕ್ಕೆ ಅನ್ನಿಸುವಷ್ಟು ಖುಷಿಯಾಯಿತು.

ಮಡಿಕೆ ಚೂಪಾಗಿ ಬರಲು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಟೀಲ್ ಸ್ಕೇಲಿನ ಗುಂಟ ಗೆರೆ ಒತ್ತಿಕೊಳ್ಳಿ, ಆಮೇಲೆ ಮಡಚಿ. ಕಾಗದಕ್ಕೂ ಎಳೆಯ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆ ಮೆಲ್ಲನೆ ಬಗ್ಗಿಸಿ ನೋಡಿ, ಸುಲಭವಾಗಿ ಬಗ್ಗುವುದು ಎಳೆಯ ಗುಂಟ. ಮೊನೆಯ ಉದ್ದ ಆದಷ್ಟೂ ಆ ದಿಕ್ಕಿಗೇ ಇರಲಿ. ಅಂಟಿಗೆ ಫೆವಿಕಾಲನ್ನೇ ತೆಳುವಾಗಿ ಬೆರಳಲ್ಲಿ ಸವರಿದೆ. ಮೈದಾ ಅಂಟಿನಲ್ಲಿ ಮಾಡಿದ್ದನ್ನು ಡಬ್ಬಿಯಲ್ಲಿ ಇಟ್ಟರೆ ಹುಳ ಜಿರಳೆ ಬರುತ್ತದೆ. ಒಳಗೆ ಎಲ್‌ಇಡಿ ಬಲ್ಬೇ ಹಾಕಿ. ಬಿಸಿಯಾಗುವ ಹಳೆ ಬಲ್ಬು ಕಾಗದದ ಹತ್ತಿರ ಬೇಡವೇ ಬೇಡ.

ಕರಾವಳಿಯವರಿಗೆ ಇನ್ನೊಂದು ಮಾತು. ಡಿಸೆಂಬರಿನ ರಾತ್ರಿ ಇಬ್ಬನಿ ಬೀಳುತ್ತದೆ. ಇಂಕ್‌ಜೆಟ್‌ನ ಸಾಮಾನ್ಯ ಇಂಕು ತೇವಕ್ಕೆ ಹರಡುತ್ತದೆ. ಹೊರಗೆ ತೂಗುವುದಕ್ಕೆ ಲೇಸರ್ ಪ್ರಿಂಟೇ ಆಗಬೇಕು. ಆದರೆ ಲೇಸರಿನಲ್ಲಿ ಗಾಢ ಬಣ್ಣ ತುಂಬಿದ ಕಡೆ ಮಡಚಿದರೆ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಹಾಗಾಗಿ ಮಡಿಕೆಯ ಮೇಲೆ ತಿಳಿ ಬಣ್ಣವೇ ಬರುವಂತೆ ವಿನ್ಯಾಸ ಮಾಡಿ.

ಕುಸ್ವಾರ್ ಹಂಚುವ ಡಬ್ಬಿಯನ್ನೂ ಇದೇ ವಿನ್ಯಾಸದಲ್ಲಿ 300 ಜಿಎಸ್‌ಎಂ ಕಾರ್ಡಿನಿಂದ ಮಾಡಿದೆ. ಅಚ್ಚಿನ ಬದಿ ಹೊರಗೆ, ಒಳಗೆ ಬಟರ್ ಪೇಪರ್. ತಿಂಡಿಗೆ ಇಂಕು ತಾಗಬಾರದು. ಮುಚ್ಚಳದ ಒಳಗೆ ಆ ವರ್ಷದ ಒಂದು ಫೋಟೊ, ಕೆಳಗೆ ಎರಡು ಸಾಲು.

ನಮ್ಮಲ್ಲಿ ನಕ್ಷತ್ರ, ಗೋದಲಿ ಜನವರಿ 6ರ ಮೂರು ರಾಯರ ಹಬ್ಬದವರೆಗೆ ಇರುತ್ತದೆ. ಇಳಿಸುವಾಗ ನಕ್ಷತ್ರವನ್ನು ಚಪ್ಪಟೆ ಮಾಡಬೇಡಿ, ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಫೈಲುಗಳಲ್ಲಿ ಲೇಯರ್ ಇರುವ ಮೂಲವನ್ನು ಜಿಂಪ್‌ನ ಎಕ್ಸ್‌ಸಿಎಫ್ ರೂಪದಲ್ಲೇ ಉಳಿಸಿ, ಹೆಸರಿನ ಮುಂದೆ ವರ್ಷ ಬರೆಯಿರಿ, ಒಂದು ಪ್ರತಿ ಬೇರೆ ಊರಲ್ಲಿರುವ ಮನೆಯವರ ಹತ್ತಿರವೂ ಇರಲಿ. ನಮ್ಮದು ಅಕ್ಕನ ಹತ್ತಿರ ಇದೆ. ಈ ಸಲ ಅವಳು ಅಲ್ಲಿನ ಬಾಲ್ಕನಿಯ ಜಾಲರಿ, ಖರ್ಜೂರದ ಎಲೆ ಸ್ಕ್ಯಾನ್ ಮಾಡಿ ಕಿಟ್ಟಿಗೆ ಸೇರಿಸುತ್ತಿದ್ದಾಳೆ.