ಚಿಪ್ಪಿ ಸುಣ್ಣದ ಬಿಸಿಯನ್ನು ಅಳೆಯುವ ಬಗೆ: ನನ್ನ ಅನುಭವ

ರಾಸಾಯನಿಕ ಕ್ರಿಯೆಗಳಲ್ಲಿ ಶಕ್ತಿ ಹೇಗೆ ಬದಲಾಗುತ್ತದೆ ಎಂದು ಪಿಯು ಮಕ್ಕಳಿಗೆ ತೋರಿಸಲು ನಾನು ಬಳಸುವ ವಸ್ತು ಸುಟ್ಟ ಚಿಪ್ಪಿ ಸುಣ್ಣ. ಅಘನಾಶಿನಿ ಅಳಿವೆಯ ಆಸುಪಾಸಿನವರಿಗೆ ಚಿಪ್ಪಿ ಸುಟ್ಟು ಸುಣ್ಣ ಮಾಡುವುದು ಹೊಸದಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಮಳೆಗಾಲದ ಕೊಳೆರೋಗದ ಔಷಧಿಗೆ ಸುಣ್ಣ ಬೇಕೇ ಬೇಕು. ನೀರು ಬಿದ್ದರೆ ಅದು ಕುದಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಶಕ್ತಿ ಹೊರಬಂತು ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಥರ್ಮಾಮೀಟರ್ ತೋರಿಸಿದ ಡಿಗ್ರಿಯನ್ನೇ ಹೇಳುತ್ತಾರೆ. ಡಿಗ್ರಿ ಶಕ್ತಿಯಲ್ಲ. ಈ ಪಾಠದಲ್ಲಿ ಎಲ್ಲಕ್ಕಿಂತ ಮೊದಲು ಬಿಡಿಸಬೇಕಾದ ಗಂಟು ಇದೇ.

ಒಂದು ಕಿಲೋ ಶುದ್ಧ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ನೀರಿನೊಂದಿಗೆ ಕೂಡಿ ಪೂರ್ತಿ ಅರಳಿದರೆ ಸುಮಾರು 1,160 ಕಿಲೋಜೂಲ್ ಶಾಖ ಬಿಡುತ್ತದೆ. ಒಂದು ಮೋಲ್‌ಗೆ (ಕಣಗಳ ಎಣಿಕೆಯ ಅಳತೆ; ಅದರ ತೂಕ ವಸ್ತುವಿನಿಂದ ವಸ್ತುವಿಗೆ ಬೇರೆ), ಇಲ್ಲಿ 56 ಗ್ರಾಂಗೆ, 65 ಕಿಲೋಜೂಲ್. ಆ ಒಂದು ಕಿಲೋವನ್ನು 50 ಲೀಟರ್ ನೀರಿನ ಡ್ರಮ್ಮಿಗೆ ಹಾಕಿದರೆ ನೀರು ಐದೂವರೆ ಡಿಗ್ರಿ ಏರೀತು, ಅಷ್ಟೇ. ಅದೇ ಸುಣ್ಣಕ್ಕೆ ಒಂದು ಲೀಟರ್ ನೀರು ಚಿಮುಕಿಸಿದರೆ ಬುಸುಗುಟ್ಟಿ ಆವಿಯೇಳುತ್ತದೆ, ಕುದಿವ ಸುಣ್ಣ ಮುಖಕ್ಕೆ ಸಿಡಿಯುತ್ತದೆ. ಎರಡರಲ್ಲೂ ಶಕ್ತಿ ಅಷ್ಟೇ, ಅದನ್ನು ಹಂಚಿಕೊಳ್ಳುವ ನೀರಿನ ತೂಕ ಬೇರೆ. ಆದ್ದರಿಂದ ಏರಿದ ಡಿಗ್ರಿಯನ್ನು ನೀರಿನ ಗ್ರಾಂ ತೂಕದಿಂದಲೂ 4.18ರಿಂದಲೂ (ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ಬೇಕಾದ ಜೂಲ್) ಗುಣಿಸಿದ ಮೇಲೆಯೇ ಜೂಲ್ ಲೆಕ್ಕ ಸಿಗುವುದು.

ಸುಣ್ಣವನ್ನು ನೇರವಾಗಿ ನೀರಿಗೆ ಹಾಕಿ ಅಳೆದರೆ ಉತ್ತರ ಸರಿಯಾಗಿ ಬರುವುದಿಲ್ಲ. ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಹೊರಮೈ ಅರಳಿ ಒಳಗಿನ ಗಟ್ಟಿಯನ್ನು ಮುಚ್ಚಿಬಿಡುತ್ತದೆ, ಕ್ರಿಯೆ ಎಳೆದಾಡುತ್ತದೆ. ಅಷ್ಟರಲ್ಲಿ ಶಾಖ ಸೋರಿ ಹೋಗಿರುತ್ತದೆ. ಅದಕ್ಕೇ ನಾನು ಸುತ್ತು ಬಳಸುವ ದಾರಿ ಹಿಡಿಯುತ್ತೇನೆ. ಸುಟ್ಟ ಸುಣ್ಣವನ್ನೂ ಅರಳಿದ ಸುಣ್ಣವನ್ನೂ ಬೇರೆ ಬೇರೆಯಾಗಿ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ಎರಡರ ಶಾಖದ ವ್ಯತ್ಯಾಸ ತೆಗೆಯುವುದು. ಎರಡೂ ಕೊನೆಗೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವೇ ಆಗುವುದರಿಂದ ಆ ವ್ಯತ್ಯಾಸವೇ ಅರಳುವಾಗ ಬಿಡುವ ಶಾಖ. ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖ ಒಂದೇ ಎಂಬ ಈ ನಿಯಮವನ್ನು ರಸಾಯನ ವಿಜ್ಞಾನಿ ಹೆಸ್ 1840ರಲ್ಲಿ ಹೇಳಿದ.

ಪಾತ್ರೆಗೆ ಎರಡು ಥರ್ಮಾಕೋಲ್ ಲೋಟ ಸಾಕು. ಒಂದರೊಳಗೆ ಇನ್ನೊಂದನ್ನು ಇಟ್ಟು, ಮಗುಚದಂತೆ ಗಾಜಿನ ಬೀಕರಿನಲ್ಲಿ ಕೂರಿಸಿ, ಥರ್ಮಾಕೋಲ್ ಹಾಳೆಯದೇ ಮುಚ್ಚಳ ಕತ್ತರಿಸಿ ಎರಡು ತೂತು ಮಾಡಬೇಕು, ಒಂದು ಥರ್ಮಾಮೀಟರಿಗೆ, ಇನ್ನೊಂದು ಕಲಕುವ ಗಾಜಿನ ಕಡ್ಡಿಗೆ. ಸ್ಟೀಲ್ ಲೋಟ ಬೇಡ. 150 ಗ್ರಾಂ ತೂಕದ ಸ್ಟೀಲ್ ಪ್ರತಿ ಡಿಗ್ರಿಗೆ ಸುಮಾರು 75 ಜೂಲ್ ನುಂಗುತ್ತದೆ. 100 ಗ್ರಾಂ ನೀರಿಗೆ ಬೇಕಾಗುವುದು 418 ಜೂಲ್. ಅಂದರೆ ಸುಮಾರು ಐದರಲ್ಲೊಂದು ಪಾಲಿನಷ್ಟು ಲೆಕ್ಕ ತಪ್ಪಿತು. ಥರ್ಮಾಮೀಟರ್ ಕೂಡ 0.1 ಡಿಗ್ರಿ ತೋರಿಸುವ ಡಿಜಿಟಲ್ ಆದರೆ ಒಳ್ಳೆಯದು. ನಾವು ಹುಡುಕುವ ವ್ಯತ್ಯಾಸವೇ ನಾಲ್ಕು ಡಿಗ್ರಿಯಷ್ಟು. ಒಂದೊಂದು ಡಿಗ್ರಿಗೆ ಗೆರೆಯಿರುವ ಥರ್ಮಾಮೀಟರಿನಲ್ಲಿ ಅರ್ಧ ಡಿಗ್ರಿ ಅತ್ತಿತ್ತ ಓದಿದರೂ ಉತ್ತರ ಕೆಟ್ಟಿತು.

ಆಸಿಡ್ 1 ಮೋಲಾರ್, ಅಂದರೆ ಲೀಟರಿಗೆ ಒಂದು ಮೋಲ್, ಇರಬೇಕು. ಅಂಗಡಿಯ ಗಾಢ ಆಸಿಡ್ ಸುಮಾರು 85 ಮಿಲಿಯನ್ನು ನೀರಿಗೆ ನಿಧಾನವಾಗಿ ಸುರಿದು ಒಂದು ಲೀಟರ್ ಮಾಡಿಕೊಳ್ಳುತ್ತೇನೆ. ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ತೆಳುವಾಗುವಾಗಲೂ ಅದು ಶಾಖ ಬಿಡುತ್ತದೆ, ಆದ್ದರಿಂದ ಪೂರ್ತಿ ಆರಿ ಕೋಣೆಯ ಬಿಸಿಗೆ ಬರುವ ತನಕ, ಸಾಧ್ಯವಾದರೆ ಹಿಂದಿನ ದಿನವೇ ಮಾಡಿ, ಇಟ್ಟಿರಬೇಕು. ಸುಣ್ಣವನ್ನು ಪುಡಿಮಾಡಿ ಚಹಾ ಜರಡಿಯಲ್ಲಿ ಸೋಸಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕಡ್ಡಾಯ. ಸುಣ್ಣ ಕಣ್ಣಿಗೆ ಬಿದ್ದರೆ ತಡಮಾಡದೆ ನಳದ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು.

100 ಮಿಲಿ ಆಸಿಡ್ ಲೋಟಕ್ಕೆ ಹಾಕಿ ಅರ್ಧರ್ಧ ನಿಮಿಷಕ್ಕೆ ಬಿಸಿ ಬರೆದುಕೊಳ್ಳುತ್ತಾ ಹೋಗುತ್ತೇನೆ. ನಾಲ್ಕನೇ ನಿಮಿಷಕ್ಕೆ 1.40 ಗ್ರಾಂ ಸುಟ್ಟ ಸುಣ್ಣ ಒಮ್ಮೆಲೇ ಸುರಿದು, ಮುಚ್ಚಿ, ಕಲಕುತ್ತಾ ಹತ್ತನೇ ನಿಮಿಷದವರೆಗೆ ಓದುವುದು. ಥರ್ಮಾಮೀಟರಿನಿಂದ ಮಾತ್ರ ಕಲಕಬಾರದು. ಆಮೇಲೆ ತೊಳೆದು ಒಣಗಿಸಿದ ಲೋಟದಲ್ಲಿ 1.85 ಗ್ರಾಂ ಅರಳಿದ ಸುಣ್ಣದೊಂದಿಗೆ ಇಷ್ಟನ್ನೇ ಮತ್ತೆ ಮಾಡಬೇಕು. ಎರಡೂ ಒಂದು ಮೋಲ್‌ನ ನಲವತ್ತನೇ ಒಂದು ಪಾಲು. ಅದಕ್ಕೆ ಬೇಕಾದುದರ ಎರಡು ಪಟ್ಟು ಆಸಿಡ್ ಲೋಟದಲ್ಲಿರುತ್ತದೆ, ಹಾಗಾಗಿ ಸುಣ್ಣ ಉಳಿಯುವ ಭಯವಿಲ್ಲ.

ಅತಿ ಹೆಚ್ಚು ಬಂದ ಅಂಕಿಯನ್ನೇ ಉತ್ತರವೆಂದು ಹಿಡಿಯುವಂತಿಲ್ಲ. ಅದು ಬರುವಷ್ಟರಲ್ಲಿ ಒಂದಿಷ್ಟು ಶಾಖ ಹೊರಗೆ ಹೋಗಿಯಾಗಿರುತ್ತದೆ. ಗ್ರಾಫ್ ಹಾಳೆಯಲ್ಲಿ ಇಳಿಮುಖದ ಗೆರೆಯನ್ನು ಸ್ಕೇಲ್ ಇಟ್ಟು ಹಿಂದಕ್ಕೆ, ನಾಲ್ಕನೇ ನಿಮಿಷದ ತನಕ ಎಳೆಯಬೇಕು. ಅಲ್ಲಿ ಸಿಗುವ ಬಿಸಿಯಿಂದ ಮೊದಲಿನ ಬಿಸಿಯನ್ನು ಕಳೆಯಬೇಕು. ಶುದ್ಧ ವಸ್ತುವಾದರೆ ಸುಟ್ಟ ಸುಣ್ಣಕ್ಕೆ ಸುಮಾರು 11.6, ಅರಳಿದ್ದಕ್ಕೆ 7.7 ಡಿಗ್ರಿ ಬರಬೇಕು. ಮೋಲ್‌ಗೆ ಲೆಕ್ಕ ಹಾಕಿದರೆ 194 ಮತ್ತು 129 ಕಿಲೋಜೂಲ್, ಕಳೆದರೆ 65.

ಚಿಪ್ಪಿ ಸುಣ್ಣದಲ್ಲಿ ಇಷ್ಟು ಬರುವುದಿಲ್ಲ, ಬರಬೇಕೆಂದು ಹಠ ಹಿಡಿಯಲೂಬಾರದು. ಕಡಿಮೆ ಬಂದದ್ದು ಏಕೆ ಎಂದು ಹುಡುಕುವುದರಲ್ಲೇ ಅರ್ಧ ಪಾಠವಿದೆ. ಆಸಿಡ್‌ಗೆ ಹಾಕಿದಾಗ ಗುಳ್ಳೆಗಳೆದ್ದರೆ ಅದು ಕಾರ್ಬೊನೇಟ್: ಒಂದೋ ಭಟ್ಟಿಯಲ್ಲಿ ಚಿಪ್ಪಿ ಸರಿಯಾಗಿ ಸುಟ್ಟಿಲ್ಲ, ಇಲ್ಲವೇ ಡಬ್ಬಿ ತೆರೆದಿಟ್ಟು ಗಾಳಿ ತಾಗಿದೆ. ಕಾರ್ಬೊನೇಟ್ ಆಸಿಡ್‌ನಲ್ಲಿ ಕರಗುವಾಗ ಮೋಲ್‌ಗೆ ಬಿಡುವುದು ಬರೀ 15 ಕಿಲೋಜೂಲ್. ಗುಳ್ಳೆಯಿಲ್ಲದೆ ಬಿಸಿ ಕಡಿಮೆಯಾದರೆ ಸುಣ್ಣ ತೇವ ಹೀರಿ ತಾನಾಗಿಯೇ ಅರಳಿದೆ ಎಂದು ಅನುಮಾನಿಸಬೇಕು. ಕರಾವಳಿಯ ಜೂನ್ ಜುಲೈ ಗಾಳಿಯಲ್ಲಿ ಸುಣ್ಣವನ್ನು ತಕ್ಕಡಿಯ ಮೇಲೆ ಬಿಟ್ಟು ಹರಟುವಂತಿಲ್ಲ. ಉಳಿದದ್ದೆಲ್ಲ ಸಿದ್ಧವಾದ ಮೇಲೆ ಕೊನೆಗೆ ಬಿಗಿ ಮುಚ್ಚಳದ ಬಾಟಲಿ ತೆರೆದು ತೂಗಬೇಕು.

ಶಾಖ ಹೀರುವ ಕ್ರಿಯೆಯನ್ನು ತೋರಿಸಲು ಹತ್ತು ಗ್ರಾಂ ಯೂರಿಯಾ, 100 ಮಿಲಿ ನೀರು ಸಾಕು. ನೋಡುತ್ತಿದ್ದಂತೆ ಐದು ಡಿಗ್ರಿಯಷ್ಟು ಇಳಿಯುತ್ತದೆ.

ಈ 65 ಕಿಲೋಜೂಲ್ ಸುಣ್ಣದೊಳಗೆ ಎಲ್ಲಿಂದ ಬಂತು? ಭಟ್ಟಿಯಿಂದ. ಚಿಪ್ಪಿಯ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಕಾರ್ಬನ್ ಡೈಆಕ್ಸೈಡ್ ಓಡಿಸಲು ಮೋಲ್‌ಗೆ 178 ಕಿಲೋಜೂಲ್ ಬೇಕು, ಅದೂ 900 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ. ನೀರು ಹಾಕಿದಾಗ ಅದರಲ್ಲಿ 65 ಮರಳಿ ಬರುತ್ತದೆ. ಉಳಿದ 113 ಎಲ್ಲಿ ಹೋಯಿತು? ಬಳಿದ ಗೋಡೆಯಲ್ಲಿ ಅರಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಮತ್ತೆ ಕಾರ್ಬೊನೇಟ್ ಆಗುವಾಗ ಅದು ಹೊರಬರುತ್ತದೆ. ಅರಳುವಾಗಿನ ಶಾಖಕ್ಕಿಂತ ಇದೇ ಹೆಚ್ಚು. ಆದರೂ ಸುಣ್ಣ ಬಳಿದ ಗೋಡೆ ಮುಟ್ಟಿದರೆ ಬಿಸಿಯಿಲ್ಲ, ಏಕೆಂದರೆ ಅಲ್ಲಿ ಕ್ರಿಯೆ ಬಹಳ ನಿಧಾನ. ಬಂದ ಶಾಖ ಬಂದಂತೆ ಗಾಳಿಗೆ ಹೋಗುತ್ತದೆ. ಕೈಗೆ ತಾಗುವ ಬಿಸಿ ಕ್ರಿಯೆಯ ವೇಗವನ್ನೂ ಅವಲಂಬಿಸಿದೆ, ಒಟ್ಟು ಶಕ್ತಿಗೆ ವೇಗದ ಹಂಗಿಲ್ಲ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಪರಮಾಣುಗಳ ನಡುವಿನ ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ ಎಂದು ಬರೆಯುವ ಮಕ್ಕಳು ಬಹಳ. ಮುರಿಯಲು ಯಾವಾಗಲೂ ಶಕ್ತಿ ಕೊಡಬೇಕು, ಹೊಸ ಬಂಧ ಕೂಡುವಾಗ ಶಕ್ತಿ ಹೊರಬರುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ಹರಳಿನ ಅಯಾನುಗಳನ್ನು (ವಿದ್ಯುದಾವೇಶವಿರುವ ಕಣಗಳನ್ನು) ಬಿಡಿಬಿಡಿ ಮಾಡಲು ಮೋಲ್‌ಗೆ 3,400 ಕಿಲೋಜೂಲ್‌ನಷ್ಟು ಬೇಕು. ಹೈಡ್ರಾಕ್ಸೈಡ್ ಹರಳು ಕಟ್ಟುವಾಗ, ಹೊಸ ಬಂಧ ಬೆಸೆಯುವಾಗ ಸಾವಿರಗಟ್ಟಲೆ ಹಿಂದೆ ಬರುತ್ತದೆ. ನಾವು ಅಳೆದ 65 ಆ ದೊಡ್ಡ ಕೊಡುಕೊಳ್ಳುವಿಕೆಯಲ್ಲಿ ಉಳಿದ ಚಿಲ್ಲರೆ.

ತೋಟದವರಿಗೆ ಇದರಿಂದ ನೇರ ಉಪಯೋಗವೂ ಇದೆ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಸುಣ್ಣ ಸತ್ವ ಕಳೆದುಕೊಂಡಿದ್ದರೆ ತಾಮ್ರ ಪೂರ್ತಿ ಒಗ್ಗದೆ ಎಲೆ, ಕಾಯಿ ಸುಡುತ್ತದೆ. ಕೊಳ್ಳುವ ಮೊದಲು ಥರ್ಮಾಕೋಲ್ ಲೋಟದಲ್ಲಿ 25 ಮಿಲಿ ನೀರಿಗೆ ಐದು ಗ್ರಾಂ ಸುಣ್ಣದ ಪುಡಿ ಹಾಕಿ ಕಲಕಿ ನೋಡಬಹುದು. ಶುದ್ಧವಾಗಿದ್ದು ಶಾಖ ಸೋರದಿದ್ದರೆ 50 ಡಿಗ್ರಿ ಏರುವಷ್ಟು ಶಕ್ತಿ ಅದರಲ್ಲಿದೆ. ಹತ್ತು ನಿಮಿಷದಲ್ಲಿ 20 ಡಿಗ್ರಿಯೂ ಏರದ ಸುಣ್ಣವನ್ನು ನಾನು ಬೇಡವೆನ್ನುತ್ತೇನೆ. ಅರಳಿಸಿದ ಸುಣ್ಣದ ಹಾಲು ಪೂರ್ತಿ ಆರಿದ ಮೇಲೆ ಮೈಲುತುತ್ತದ ನೀರನ್ನು ಕಲಕುತ್ತಾ ಅದಕ್ಕೆ ಸುರಿಯಬೇಕು. ಬಳಿಕ ಉಜ್ಜಿದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣದ ಹಾಲು ಬೇಕು.